ನೀರಿನ ದಾರಿಗೆ ಯಾವ ಪಾಲಿಮರ್? ಪಿವಿಸಿ, ಸಿಪಿವಿಸಿ, ಪಿಪಿಆರ್, ಎಚ್‌ಡಿಪಿಇ ನಡುವಿನ ಆಯ್ಕೆ

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಳ್ಳೆಯ ಪೈಪು ಕೊಡಿ’ ಎಂದು ಕೇಳುವವರೇ ಹೆಚ್ಚು. ಅಂಗಡಿಯವರು ಕಂಪನಿಯ ಹೆಸರು ಹೇಳುತ್ತಾರೆ, ದರ ಹೇಳುತ್ತಾರೆ, ವ್ಯವಹಾರ ಮುಗಿಯುತ್ತದೆ. ಆ ಪೈಪು ಯಾವ ಪಾಲಿಮರ್‌ನದು, ಅಂದರೆ ಯಾವ ಬಗೆಯ ಪ್ಲಾಸ್ಟಿಕ್‌ನದು, ಎಂಬ ಮಾತೇ ಬರುವುದಿಲ್ಲ. ಬದುವಿನ ಮೇಲೆ ಬಿಸಿಲಿಗೆ ಬಿದ್ದ ಪಿವಿಸಿ ಪೆಡಸಾಗಿ ಒಡೆಯುತ್ತದೆ, ಸೋಲಾರ್ ಹೀಟರ್‌ಗೆ ಜೋಡಿಸಿದ ಪೈಪು ಸೊಟ್ಟಗಾಗುತ್ತದೆ, ಕೃಷಿ ಹೊಂಡದ ಹಾಳೆ ಅಂಚಿನಲ್ಲಿ ಸೀಳುತ್ತದೆ. ಆಗ ಎಲ್ಲರೂ ಮಾಲು ಕಳಪೆ ಎಂದು ಬೈಯುತ್ತಾರೆ. ಎಷ್ಟೋ ಸಲ ಮಾಲು ಚೆನ್ನಾಗಿಯೇ ಇರುತ್ತದೆ, ಹಾಕಿದ ಜಾಗ ಅದರದ್ದಾಗಿರುವುದಿಲ್ಲ.

ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ನೀರು ಎಷ್ಟು ಬಿಸಿಯಾಗಿರುತ್ತದೆ? ಪೈಪಿನ ಮೇಲೆ ಬಿಸಿಲು ಬೀಳುತ್ತದೆಯೇ? ಒತ್ತಡ ಎಷ್ಟು? ಜೋಡಣೆ ಮಾಡುವವರು ಯಾರು, ಅವರ ಕೈಯಲ್ಲಿ ಯಾವ ಸಾಧನವಿದೆ? ಕೊನೆಯ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಪೈಪು ನಡುವೆ ಸೋರುವುದು ಅಪರೂಪ, ಕೂಡಿಸಿದ ಕಡೆ ಸೋರುವುದೇ ಹೆಚ್ಚು.

ಸರಪಳಿಯ ಮೇಲೆ ಏನಿದೆ

ಈ ಎಲ್ಲ ಪ್ಲಾಸ್ಟಿಕ್‌ಗಳ ಬೆನ್ನೆಲುಬು ಒಂದೇ: ಸಾವಿರಾರು ಕಾರ್ಬನ್ ಪರಮಾಣುಗಳ ಉದ್ದನೆಯ ಸರಪಳಿ. ಇಂಥ ಸರಪಳಿಗಳು ನಿಜಕ್ಕೂ ಇವೆ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ವಾದಿಸಿದಾಗ ಅಂದಿನ ಹಿರಿಯ ರಸಾಯನ ವಿಜ್ಞಾನಿಗಳು ಅನೇಕರು ಒಪ್ಪಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ. ಸರಪಳಿಯ ಪಕ್ಕದಲ್ಲಿ ಏನು ಕೂತಿದೆ ಎಂಬುದರ ಮೇಲೆ ಪೈಪಿನ ಸ್ವಭಾವ ನಿಲ್ಲುತ್ತದೆ. ಎಲ್ಲ ಕಡೆ ಹೈಡ್ರೋಜನ್ ಇದ್ದರೆ ಪಾಲಿಎಥಿಲೀನ್. ಪ್ರತಿ ಎರಡು ಕಾರ್ಬನ್‌ಗೆ ಒಂದು ಕ್ಲೋರಿನ್ ಬಂದರೆ ಪಿವಿಸಿ. ಆ ಜಾಗದಲ್ಲಿ ಮೀಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಕೂತರೆ ಪಾಲಿಪ್ರೊಪಿಲೀನ್. ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿದರೆ ಸಿಪಿವಿಸಿ.

ಪಾಲಿಎಥಿಲೀನ್ ಒಂದರಲ್ಲೇ ಎರಡು ಜಾತಿಗಳಾದದ್ದು ಹೇಗೆ ಎಂದು ತಿಳಿದರೆ ಮುಂದಿನ ಆಯ್ಕೆ ಸುಲಭ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್‌ನಲ್ಲಿದ್ದ ಐಸಿಐ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಭಾರೀ ಒತ್ತಡದಲ್ಲಿ ಎಥಿಲೀನ್ ಅನಿಲವನ್ನು ಕಾಯಿಸಿದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಆ ವಿಧಾನದಲ್ಲಿ ಹುಟ್ಟುವ ಸರಪಳಿಗೆ ಅಲ್ಲಲ್ಲಿ ಕೊಂಬೆಗಳಿರುತ್ತವೆ. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ವೇಗವರ್ಧಕ ಬಳಸಿ ಕಡಿಮೆ ಒತ್ತಡದಲ್ಲೇ ನೆಟ್ಟಗಿನ ಸರಪಳಿ ಕಟ್ಟಿದರು. ನೆಟ್ಟಗಿನ ಕಡ್ಡಿಗಳನ್ನು ಹೊರೆ ಕಟ್ಟಿದರೆ ಒತ್ತಾಗಿ ಕೂರುತ್ತವೆ, ಟಿಸಿಲೊಡೆದ ಕಡ್ಡಿಗಳ ನಡುವೆ ಸಂದು ಉಳಿಯುತ್ತದೆ. ನೆಟ್ಟಗಿನ ಸರಪಳಿಯದು ಗಟ್ಟಿಯಾದ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್), ಕೊಂಬೆಯ ಸರಪಳಿಯದು ಮೆತ್ತಗಿನ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯದು). ಝೀಗ್ಲರ್ ಅವರ ವೇಗವರ್ಧಕದ ಜಾಡಿನಲ್ಲೇ ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಮೀಥೈಲ್ ಗುಂಪುಗಳು ಕ್ರಮಬದ್ಧವಾಗಿ ಕೂತ ಪಾಲಿಪ್ರೊಪಿಲೀನ್ ತಯಾರಿಸಿದರು. 1963ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಪಿವಿಸಿ: ಮಣ್ಣಿನ ಕೆಳಗಿನ ತಣ್ಣೀರಿಗೆ

ತಣ್ಣೀರು, ಹೂತ ಪೈಪು, ಹಳ್ಳಿಯಲ್ಲೇ ಸಿಗುವ ಪ್ಲಂಬರ್. ಈ ಮೂರೂ ಇದ್ದರೆ ಪಿವಿಸಿ ಬಿಟ್ಟು ಬೇರೆ ಯೋಚನೆ ಬೇಡ. ಜರ್ಮನಿಯಲ್ಲಿ 1930ರ ದಶಕದಲ್ಲಿ ಹೂತ ಪಿವಿಸಿ ಪೈಪುಗಳು ದಶಕಗಟ್ಟಲೆ ಕೆಲಸ ಮಾಡಿವೆ. ಇದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 57 ಶೇಕಡಾ, ಕ್ಲೋರಿನ್. ಅದು ಬರುವುದು ಉಪ್ಪಿನಿಂದ. ಹಾಗಾಗಿ ಪೆಟ್ರೋಲಿಯಂ ಪಾಲು ಕಡಿಮೆ, ಬೆಲೆಯೂ ಹಿಡಿತದಲ್ಲಿರುತ್ತದೆ.

ಪಿವಿಸಿಯ ದೊಡ್ಡ ಗುಣ ಅದರ ಜೋಡಣೆ. ನಮ್ಮಲ್ಲಿ ‘ಸಲ್ಯೂಷನ್’ ಎಂದು ಕರೆಯುವ ಡಬ್ಬಿಯಲ್ಲಿ ಇರುವುದು ಬರೀ ಅಂಟಲ್ಲ. ಅದು ಪೈಪಿನ ಮೇಲ್ಪದರವನ್ನು ಕರಗಿಸುತ್ತದೆ. ಪೈಪಿನ ಸರಪಳಿಗಳೂ ಕಪ್ಲರ್‌ನ (ಎರಡು ಪೈಪು ಕೂಡಿಸುವ ತುಂಡಿನ) ಸರಪಳಿಗಳೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ದ್ರಾವಕ ಆರಿದ ಮೇಲೆ ಎರಡೂ ಒಂದೇ ತುಂಡಾಗುತ್ತವೆ. ಇದು ಸರಿಯಾಗಿ ಆಗಬೇಕಾದರೆ ತುದಿ ನೇರವಾಗಿ ಕತ್ತರಿಸಿರಬೇಕು, ಧೂಳು, ಎಣ್ಣೆ, ನೀರು ಇರಬಾರದು. ಪೈಪಿನ ಹೊರಗೂ ಕಪ್ಲರ್ ಒಳಗೂ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿಯಬೇಕು. ಕೈ ಬಿಟ್ಟರೆ ಪೈಪು ತಾನಾಗಿ ಹಿಂದೆ ಸರಿಯುತ್ತದೆ, ಕಣ್ಣಿಗೆ ಕಾಣದಷ್ಟು. ಒಂದು ದಿನ ಬಿಟ್ಟು ನೀರು ಹಾಯಿಸುವುದು ಒಳ್ಳೆಯದು. ಸಲ್ಯೂಷನ್ ಧಾರಾಳವಾಗಿ ಸುರಿದರೆ ಜಾಯಿಂಟ್ ಗಟ್ಟಿ ಎಂಬ ನಂಬಿಕೆ ತಪ್ಪು. ಒಳಗೆ ಹರಿದ ಹೆಚ್ಚುವರಿ ದ್ರಾವಕ ಪೈಪಿನ ಗೋಡೆಯನ್ನೇ ಮೆತ್ತಗೆ ಮಾಡುತ್ತದೆ.

ಪೈಪಿನ ತುದಿಯನ್ನು ಹುಲ್ಲಿನ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿಸಿ, ಇನ್ನೊಂದನ್ನು ತೂರಿಸುವ ಪದ್ಧತಿ ಹೊಲಗಳಲ್ಲಿ ಇಂದಿಗೂ ಇದೆ. ದಯವಿಟ್ಟು ಬಿಡಿ. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ, ನೇರ ಬೆಂಕಿಯಲ್ಲಿ ಕರಕಲಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಕೆಮ್ಮು ಬರಿಸುವ ಆ ಖಾರದ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಒಂದು ಕ್ಲೋರಿನ್ ಕಳಚಿದರೆ ಪಕ್ಕದ್ದೂ ಸಡಿಲವಾಗಿ, ಸರಪಳಿ ಹಲ್ಲು ಬಿದ್ದಂತೆ ಒಂದೊಂದಾಗಿ ಕಳೆದುಕೊಳ್ಳುತ್ತ ಹೋಗುತ್ತದೆ. ಅದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಸ್ಥಿರಕಾರಿ ಬೆರೆಸುತ್ತಾರೆ. ಹಿಂದೆ ಬಹಳ ಕಡೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. 2021ರಲ್ಲಿ ಕೇಂದ್ರ ಸರ್ಕಾರ ಪಿವಿಸಿ ಪೈಪುಗಳ ಸೀಸದ ಬಗ್ಗೆ ನಿಯಮ ತಂದಿತು. ಕುಡಿಯುವ ನೀರಿಗಾದರೆ ಕ್ಯಾಲ್ಸಿಯಂ-ಜಿಂಕ್ ಅಥವಾ ತವರ ಆಧಾರಿತ, ಸೀಸರಹಿತ ಎಂದು ಬರೆದ ಪೈಪನ್ನೇ ಕೇಳಿ ಪಡೆಯಿರಿ.

ಒತ್ತಡದ ಲೆಕ್ಕ ಕಷ್ಟವಲ್ಲ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒತ್ತಡ. ಅಂಗಡಿಯವರು ನಾಲ್ಕು ಕೆ.ಜಿ., ಆರು ಕೆ.ಜಿ., ಹತ್ತು ಕೆ.ಜಿ. ಪೈಪು ಎನ್ನುವುದು ಇದನ್ನೇ, ಪೈಪಿನ ತೂಕವನ್ನಲ್ಲ. ಆದರೆ ಆ ಅಂಕಿ 27 ಡಿಗ್ರಿ ಉಷ್ಣಾಂಶದ್ದು. ಬಿಸಿಯೇರಿದಂತೆ ಬಲ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಬಳಕೆಯಲ್ಲಿರುವ ಕೋಷ್ಟಕ ನೋಡಿ: 23 ಡಿಗ್ರಿಯಲ್ಲಿ ಪಿವಿಸಿಯ ಬಲ 100 ಎಂದಿಟ್ಟುಕೊಂಡರೆ, 38 ಡಿಗ್ರಿಯಲ್ಲಿ 62, 60 ಡಿಗ್ರಿಯಲ್ಲಿ ಬರೀ 22. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ನೆಲದ ಮೇಲೆ ಬಿಸಿಲಿಗೆ ಮಲಗಿದ ಪೈಪು ಅದಕ್ಕಿಂತ ಬಿಸಿ. ಆರು ಕೆ.ಜಿ. ಪೈಪು ಅಲ್ಲಿ ನಾಲ್ಕು ಕೆ.ಜಿ.ಯ ಕೆಲಸವನ್ನೂ ನೆಮ್ಮದಿಯಿಂದ ಮಾಡಲಾರದು. ಜೊತೆಗೆ ಅತಿನೇರಳೆ ಕಿರಣ ಮೇಲ್ಪದರವನ್ನು ಕೆಡಿಸುತ್ತದೆ. ಎಳೆತ ತಡೆಯುವ ಶಕ್ತಿ ಉಳಿದಿದ್ದರೂ ಪೆಟ್ಟು ತಡೆಯುವ ಶಕ್ತಿ ಹೋಗುತ್ತದೆ. ಎತ್ತಿನ ಗೊರಸು ತಗುಲಿದರೆ ಸಾಕು. ಹೂಳಲು ಸಾಧ್ಯವೇ ಇಲ್ಲದ ಕಡೆ ತಿಳಿಬಣ್ಣದ, ನೀರಿನಲ್ಲಿ ಕಲಸುವ ಪೇಂಟ್ ಬಳಿದರೆ ಆಯಸ್ಸು ಹೆಚ್ಚುತ್ತದೆ.

ಕುಡಿಯುವ ನೀರಿನ, ಬೋರ್‌ವೆಲ್ ಮಾರ್ಗದ ಪೈಪಿನ ಮೇಲೆ ಐಎಸ್ 4985 (ಭಾರತೀಯ ಮಾನಕದ ಸಂಖ್ಯೆ) ಎಂದೂ ಐಎಸ್‌ಐ ಗುರುತೂ ಇರಬೇಕು. ಚರಂಡಿಗೆ ಬಳಸುವ ಎಸ್‌ಡಬ್ಲ್ಯೂಆರ್ ಪೈಪು ಐಎಸ್ 13592. ನೋಡಲು ದಪ್ಪಗಿದ್ದರೂ ಅದು ಒತ್ತಡಕ್ಕೆ ಮಾಡಿದ್ದಲ್ಲ. ತೋಟದಲ್ಲಿ ಎಳೆದಾಡುವ ಮೆತ್ತಗಿನ ಹೋಸ್ ಪೈಪು ಕೂಡ ಬಹಳ ಸಲ ಪಿವಿಸಿಯೇ, ಮೃದುಕಾರಿ ಎಣ್ಣೆ ಬೆರೆಸಿದ್ದು. ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಕಂಡುಕೊಂಡ ಉಪಾಯವದು. ಆ ಎಣ್ಣೆ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಗಿಡಕ್ಕೆ ಸರಿ, ಕುಡಿಯುವ ನೀರನ್ನು ಸಂಪಿನಿಂದ ಟ್ಯಾಂಕಿಗೆ ಏರಿಸಲು ಬೇಡ.

ಬಿಸಿನೀರಿಗೆ: ಸಿಪಿವಿಸಿಯೋ, ಪಿಪಿಆರೋ

ಬಚ್ಚಲಮನೆಯ ಗೀಸರ್ ನೀರು 60 ಡಿಗ್ರಿ ಮುಟ್ಟುತ್ತದೆ. ಮಾಮೂಲಿ ಪಿವಿಸಿ ಇಲ್ಲಿ ಬೇಡವೇ ಬೇಡ. ಸಿಪಿವಿಸಿಯಲ್ಲಿ ಕ್ಲೋರಿನ್ ಪ್ರಮಾಣ 63ರಿಂದ 69 ಶೇಕಡಾಕ್ಕೆ ಏರಿರುತ್ತದೆ. ದೊಡ್ಡ ಕ್ಲೋರಿನ್ ಪರಮಾಣುಗಳು ಹೆಚ್ಚಾದಷ್ಟೂ ಸರಪಳಿಗೆ ಹೊರಳಾಡಲು ಜಾಗ ಕಡಿಮೆ, ಹಾಗಾಗಿ ಮೆತ್ತಗಾಗಲು ಹೆಚ್ಚು ಬಿಸಿ ಬೇಕು. ಅದೇ ಅಮೆರಿಕದ ಕೋಷ್ಟಕದಲ್ಲಿ ಸಿಪಿವಿಸಿ 60 ಡಿಗ್ರಿಯಲ್ಲೂ ಅರ್ಧ ಬಲ ಉಳಿಸಿಕೊಳ್ಳುತ್ತದೆ, 82 ಡಿಗ್ರಿಯಲ್ಲಿ ಕಾಲು ಭಾಗ. ಅದರ ಮಿತಿ 93 ಡಿಗ್ರಿ. ಜೋಡಣೆ ಸಲ್ಯೂಷನ್‌ನಿಂದಲೇ, ಆದರೆ ಸಿಪಿವಿಸಿಗೆಂದೇ ಮಾಡಿದ ಸಲ್ಯೂಷನ್ ಬೇಕು. ಪಿವಿಸಿ ಡಬ್ಬಿ ಉಳಿದಿದೆ ಎಂದು ಅದನ್ನೇ ಹಚ್ಚುವ ಪ್ಲಂಬರ್‌ನ ಕೈ ತಡೆಯಿರಿ.

ಸಿಪಿವಿಸಿಯ ಶತ್ರು ಎಣ್ಣೆ. ಅಡುಗೆ ಎಣ್ಣೆ, ಗೆದ್ದಲು ನಾಶಕದ ದ್ರಾವಕ, ಮೃದುಕಾರಿ ಇರುವ ಪಿವಿಸಿ ಟೇಪು ಯಾವುದು ತಾಗಿದರೂ ಒತ್ತಡದಲ್ಲಿರುವ ಜಾಗದಲ್ಲಿ ಕೂದಲೆಳೆ ಬಿರುಕು ಬರಬಹುದು. ಸಣಬಿಗೆ ಬಣ್ಣ ಹಚ್ಚಿ ಥ್ರೆಡ್ ಬಿಗಿಯುವ ಹಳೆಯ ಅಭ್ಯಾಸ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಸರಿ, ಇಲ್ಲಿ ಟೆಫ್ಲಾನ್ ಟೇಪು ಮಾತ್ರ.

ಪಿಪಿಆರ್ ಎಂದರೆ ಪಾಲಿಪ್ರೊಪಿಲೀನ್ ಸರಪಳಿಯಲ್ಲಿ ಅಲ್ಲಲ್ಲಿ ಸ್ವಲ್ಪ ಎಥಿಲೀನ್ ಸೇರಿಸಿದ್ದು. ನಟ್ಟಾ ತಯಾರಿಸಿದ ಕ್ರಮಬದ್ಧ ಸರಪಳಿ ಬಿಗಿ, ಆದರೆ ತುಸು ಪೆಡಸು. ಎಥಿಲೀನ್ ಆ ಕ್ರಮವನ್ನು ಅಲ್ಪ ಕದಡಿ ಪೆಟ್ಟು ತಾಳುವ ಗುಣ ಕೊಡುತ್ತದೆ. ಇದನ್ನು ಯಾವ ಸಲ್ಯೂಷನ್ನೂ ಕರಗಿಸುವುದಿಲ್ಲ. ಪೈಪು, ಫಿಟ್ಟಿಂಗ್ ಎರಡನ್ನೂ 260 ಡಿಗ್ರಿಯ ಸಾಧನದಲ್ಲಿ ಕೆಲವೇ ಸೆಕೆಂಡು ಕಾಯಿಸಿ ಒತ್ತಬೇಕು. ಸರಿಯಾಗಿ ಆದರೆ ಜಾಯಿಂಟೇ ಉಳಿದ ಪೈಪಿಗಿಂತ ಬಲ. ಹೆಚ್ಚು ಹೊತ್ತು ಕಾಯಿಸಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಉಂಗುರವಾಗಿ ನಿಂತು ದಾರಿ ಕಿರಿದಾಗುತ್ತದೆ, ಮೇಲಿನ ಮಹಡಿಯ ಶವರ್‌ನಲ್ಲಿ ನೀರು ಸಣ್ಣಗಾದ ಮೇಲೆ ಮಾತ್ರ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಊರಿನಲ್ಲಿ ಪಿಪಿಆರ್ ಯಂತ್ರವಿರುವ, ಅದರ ಕೆಲಸ ಬಲ್ಲ ಪ್ಲಂಬರ್ ಇದ್ದು, ಮುಂದೆ ದುರಸ್ತಿಗೂ ಸಿಗುವಂತಿದ್ದರೆ ಪಿಪಿಆರ್ ಹಾಕಿಸಿ. ಇಲ್ಲವಾದರೆ ಸಿಪಿವಿಸಿಯೇ ಮೇಲು, ಏಕೆಂದರೆ ಗೋಡೆ ಒಡೆದು ದುರಸ್ತಿ ಮಾಡುವ ದಿನ ಅದರ ಫಿಟ್ಟಿಂಗ್ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ತಾರಸಿಯ ಸೋಲಾರ್ ಹೀಟರ್‌ನಿಂದ ಹೊರಡುವ ಮೊದಲ ಕೆಲವು ಮೀಟರ್ ಎರಡೂ ಬೇಡ. ಮನೆಯವರು ಊರಿಗೆ ಹೋಗಿ ನೀರು ಬಳಸದೆ ಉಳಿದಾಗ ಗಾಜಿನ ಕೊಳವೆಯ ಹೀಟರ್‌ನಲ್ಲಿ ನೀರು ಕುದಿಯುವ ಮಟ್ಟ ಮುಟ್ಟಬಲ್ಲದು. ಅಷ್ಟು ದೂರ ಲೋಹದ ಪೈಪೇ ಇರಲಿ.

ಎಚ್‌ಡಿಪಿಇ: ಗುಡ್ಡ, ತಿರುವು, ಉದ್ದದ ದಾರಿ

ಮಲೆನಾಡಿನಲ್ಲಿ ಗುಡ್ಡದ ಒರತೆಯ ಅಬ್ಬಿ ನೀರನ್ನು ಮನೆಯಂಗಳಕ್ಕೆ ತರುವ ಕಪ್ಪು ಪೈಪು ಇದು. ಸುರುಳಿಯಾಗಿ ಬರುತ್ತದೆ, ಬಂಡೆ ಬಳಸಿ, ಬೇರು ದಾಟಿ ಜಾಯಿಂಟ್ ಇಲ್ಲದೆ ಸಾಗುತ್ತದೆ. ಇದರಲ್ಲಿ ಎರಡೂವರೆ ಶೇಕಡಾದ ಆಸುಪಾಸು ಬೆರೆಸಿರುವ ಕಾರ್ಬನ್ ಕಪ್ಪು ಅತಿನೇರಳೆ ಕಿರಣವನ್ನು ತಾನೇ ಹೀರಿಕೊಂಡು ಸರಪಳಿಯನ್ನು ಕಾಯುತ್ತದೆ. ಹಾಗಾಗಿ ಬಯಲಿನಲ್ಲಿ ಬಿದ್ದಿರಬೇಕಾದ ಪೈಪು ಎಂದರೆ ಇದೇ. ಗೇಟ್‌ವಾಲ್ವ್ ದಿಢೀರನೆ ಮುಚ್ಚಿದಾಗ ಹುಟ್ಟುವ ನೀರಿನ ಹೊಡೆತವನ್ನೂ ಪಿವಿಸಿಗಿಂತ ಚೆನ್ನಾಗಿ ತಾಳುತ್ತದೆ.

ಎರಡು ವಿಷಯ ನೆನಪಿಡಬೇಕು. ಒಂದು, ಒರತೆ ಮನೆಗಿಂತ 60 ಮೀಟರ್ ಮೇಲಿದ್ದರೆ ನಲ್ಲಿ ಮುಚ್ಚಿದಾಗ ಕೆಳತುದಿಯಲ್ಲಿ ಆರು ಕೆ.ಜಿ. ಒತ್ತಡ ನಿಲ್ಲುತ್ತದೆ. ನೀರು ಹರಿಯುತ್ತಿರುವಾಗ ಈ ಒತ್ತಡ ಕಾಣುವುದಿಲ್ಲ. ನಡುವೆ ಒಂದು ತೊಟ್ಟಿ ಕಟ್ಟಿ ಒತ್ತಡ ಮುರಿಯಿರಿ, ಇಲ್ಲವೇ ಕೆಳಭಾಗಕ್ಕೆ ದಪ್ಪ ಪೈಪು ಹಾಕಿ. ಎರಡು, ಬಿಸಿಗೆ ಇದು ಹಿಗ್ಗುವುದು ವಿಪರೀತ. ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.2 ಮಿ.ಮೀ. ನೂರು ಮೀಟರ್ ಪೈಪು ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ 20 ಡಿಗ್ರಿ ಏರಿದರೆ 40 ಸೆಂ.ಮೀ. ಉದ್ದವಾಗುತ್ತದೆ. ಪಿವಿಸಿಯಲ್ಲಿ ಇದು ಸುಮಾರು 14 ಸೆಂ.ಮೀ. ಮಧ್ಯಾಹ್ನ ಬಿಗಿಯಾಗಿ ಎಳೆದು ಕಟ್ಟಿದ ಪೈಪು ರಾತ್ರಿ ಕುಗ್ಗಿ ಕಂಪ್ರೆಷನ್ ಫಿಟ್ಟಿಂಗ್‌ನಿಂದ ಕಿತ್ತುಬರುತ್ತದೆ. ಹಾವಿನಂತೆ ಸೊಟ್ಟಸೊಟ್ಟಗೆ ಬಿಡಿ.

ಪೈಪಿನ ಮೇಲೆ ಐಎಸ್ 4984ರ ಜೊತೆ ಪಿಇ 63, ಪಿಇ 80, ಪಿಇ 100 ಎಂದು ಬರೆದಿರುತ್ತದೆ. 20 ಡಿಗ್ರಿಯಲ್ಲಿ 50 ವರ್ಷ ತಾಳಬಲ್ಲ ಕನಿಷ್ಠ ಬಲದ ಗುರುತದು: 6.3, 8, 10 ಮೆಗಾಪ್ಯಾಸ್ಕಲ್. ಈ ಏರಿಕೆಯ ಹಿಂದೆ ಪಾಲಿಮರ್ ಸಂಶೋಧನೆಯ ದಶಕಗಳ ಶ್ರಮವಿದೆ. ಪಾಲಿಎಥಿಲೀನ್‌ನಲ್ಲಿ ಹರಳುಗಟ್ಟಿದ ಪದರಗಳ ನಡುವೆ ಸಡಿಲ ಭಾಗಗಳಿರುತ್ತವೆ, ಬಿರುಕು ಅಲ್ಲೇ ನಿಧಾನವಾಗಿ ತೆವಳುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ದಾಟುವಷ್ಟು ಉದ್ದದ ಸರಪಳಿಗಳಿದ್ದರೆ ಅವು ಹೊಲಿಗೆಯಂತೆ ಹಿಡಿದಿಡುತ್ತವೆ. ಪಿಇ 100ರಲ್ಲಿ ಗಿಡ್ಡ ಸರಪಳಿ, ಬಹಳ ಉದ್ದನೆಯ ಸರಪಳಿ ಎರಡನ್ನೂ ಬೇಕೆಂದೇ ಕೂಡಿಸಿ, ಉದ್ದನೆಯದರ ಮೇಲೆ ಪುಟ್ಟ ಕೊಂಬೆಗಳನ್ನು ಇಟ್ಟಿರುತ್ತಾರೆ. ಬೆಲೆ ಹೆಚ್ಚು. ಮಣ್ಣಿನಡಿ ಹಾಕಿ ಮತ್ತೆ ಅಗೆಯಲಾಗದ ಮುಖ್ಯ ಮಾರ್ಗಕ್ಕೆ ಆ ಹೆಚ್ಚುವರಿ ಹಣ ಕೊಡಿ.

ಎಚ್‌ಡಿಪಿಇ ಪೈಪಿಗೆ, ಟ್ಯಾಂಕಿಗೆ ಯಾವ ಅಂಟೂ ಹಿಡಿಯುವುದಿಲ್ಲ. ಹರಳುಗಟ್ಟಿದ, ಎಣ್ಣೆಯಂಥ ಗುಣದ ಈ ಸರಪಳಿಗಳ ನಡುವೆ ಸಾಮಾನ್ಯ ಉಷ್ಣಾಂಶದಲ್ಲಿ ದ್ರಾವಕ ನುಗ್ಗಲಾರದು. ಕಾಯಿಸಿ ಬೆಸೆಯಬೇಕು, ಇಲ್ಲವೇ ಫಿಟ್ಟಿಂಗ್ ಬಿಗಿಯಬೇಕು.

ಬೋರ್‌ವೆಲ್ ಒಳಗಿನ ಮಾತು ಬೇರೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಬಾವಿಗಳಿವೆ. ಅಷ್ಟು ಆಳದ ಪಂಪಿನ ಬಾಯಲ್ಲಿ 30 ಕೆ.ಜಿ. ಒತ್ತಡ, ಮೇಲೆ ನೀರು ತುಂಬಿದ ಪೈಪಿನ ಇಡೀ ಭಾರ. ಹೊಲಕ್ಕೆ ಹಾಸುವ ಎಚ್‌ಡಿಪಿಇ ಅಲ್ಲಿ ನಿಲ್ಲದು. ಕಾಲಮ್ ಪೈಪು ಎಂದೇ ಮಾಡಿದ, ಆಳಕ್ಕೆ ತಕ್ಕ ದರ್ಜೆಯ ದಪ್ಪ ಪಿವಿಸಿ ಅಥವಾ ಲೋಹ ಬೇಕು.

ಹನಿ ನೀರಾವರಿಯ ಲ್ಯಾಟರಲ್

ಇಲ್ಲಿ ಆಯ್ಕೆ ಹೆಚ್ಚಿಲ್ಲ. ಮುಖ್ಯ ಮಾರ್ಗ ಹೂತ ಪಿವಿಸಿ, ಗಿಡದ ಸಾಲಿನುದ್ದ ಹಾಸುವ ಸಣ್ಣ ಪೈಪು, ಅಂದರೆ ಲ್ಯಾಟರಲ್, ಎಲ್‌ಎಲ್‌ಡಿಪಿಇ. ನೆಟ್ಟಗಿನ ಸರಪಳಿಗೆ ಗಿಡ್ಡ ಕೊಂಬೆಗಳನ್ನು ಅಳೆದು ಇಟ್ಟ ಪಾಲಿಎಥಿಲೀನ್ ಇದು, ಬಾಗುತ್ತದೆ, ಸೀಳುವುದಿಲ್ಲ. ಬಯಲುಸೀಮೆಯ ಗಡಸು ನೀರಿನಲ್ಲಿ ಡ್ರಿಪ್ಪರ್ ಬಾಯಿಗೆ ಸುಣ್ಣ ಕಟ್ಟುತ್ತದೆ, ಆಮ್ಲ ಹಾಯಿಸಿ ತೊಳೆಯಬೇಕಾಗುತ್ತದೆ. ಸಾರಗುಂದಿಸಿದ ಆಮ್ಲ ಪಾಲಿಎಥಿಲೀನ್‌ಗೆ ಏನೂ ಮಾಡದು. ಇಲಿ, ಅಳಿಲುಗಳ ಹಲ್ಲಿಗೆ ಮಾತ್ರ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ.

ಕೃಷಿ ಹೊಂಡದ ಹಾಳೆ

ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಒಣಭೂಮಿಯ ರೈತರಿಗೆ ಈ ಹಾಳೆ ಪರಿಚಿತ. ಮೂರು ಬಗೆ ಸಿಗುತ್ತವೆ. ಎಲ್‌ಡಿಪಿಇ ಹಾಳೆಯನ್ನು ಮಣ್ಣು ಅಥವಾ ಇಟ್ಟಿಗೆಯಿಂದ ಮುಚ್ಚುವುದಾದರೆ ಮಾತ್ರ ಹಾಕಿ. ತೆರೆದ ಹೊಂಡಕ್ಕೆ ಕಪ್ಪು ಎಚ್‌ಡಿಪಿಇ ಹಾಳೆ, ಇಲ್ಲವೇ ಪಟ್ಟಿ ನೇಯ್ದು ಎರಡೂ ಕಡೆ ಲೇಪಿಸಿದ ಹಾಳೆ. ನೇಯ್ದದ್ದು ಹಗುರ, ಸುಲಭಕ್ಕೆ ಹರಿಯದು. ಆದರೆ ನೀರು ತಡೆಯುವುದು ಅದರ ತೆಳುಲೇಪ ಮಾತ್ರ, ಅದು ಸವೆದರೆ ನೇಯ್ಗೆಯ ಸಂದಿನಲ್ಲಿ ನೀರು ಇಳಿಯುತ್ತದೆ. ಹತ್ತಾರು ವರ್ಷದ ಯೋಚನೆ ಇದ್ದವರು ದಪ್ಪ ಎಚ್‌ಡಿಪಿಇ ಹಾಳೆಯತ್ತ ಹೋಗುವುದು ಲೇಸು.

‘ಐನೂರರ ಹಾಳೆ’ ಎಂದು ಮಾರುವವರನ್ನು ಐನೂರು ಮೈಕ್ರಾನೋ (ದಪ್ಪ), ಐನೂರು ಜಿಎಸ್‌ಎಮ್ಮೋ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ) ಎಂದು ಕೇಳಿ. ಎಚ್‌ಡಿಪಿಇಯಲ್ಲಿ 500 ಮೈಕ್ರಾನ್ ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 470 ಗ್ರಾಂ ತೂಗುತ್ತದೆ. ಸಾವಿರ ಚದರ ಮೀಟರಿಗೆ 470 ಕೆ.ಜಿ. ಬರಬೇಕಾದ ಕಡೆ 280 ಕೆ.ಜಿ. ಬಂದಿದ್ದರೆ ನಿಮ್ಮ ಕೈಯಲ್ಲಿರುವುದು 300 ಮೈಕ್ರಾನ್. ಲಾರಿಯಿಂದ ಇಳಿಸುವ ಮೊದಲೇ ತೂಕ ಹಾಕಿಸಿ.

ಹಾಳೆ ಮೊದಲು ಸೋಲುವುದು ಮೇಲಂಚಿನಲ್ಲಿ. ನೀರಿನಡಿ ಇರುವ ಭಾಗ ತಂಪಾಗಿ, ಬಿಸಿಲು ತಾಗದೆ ಉಳಿಯುತ್ತದೆ. ನೀರು ಇಳಿದಾಗ ಬಯಲಾಗುವ ಪಟ್ಟಿ ಪೂರ್ತಿ ಬಿಸಿಲು ಉಣ್ಣುತ್ತದೆ. ಅಂಚನ್ನು ದಡದ ಮೇಲೆ ಕಾಲುವೆ ತೋಡಿ ಹೂಳಿ, ಬಯಲಾಗುವ ಪಟ್ಟಿಯ ಮೇಲೆ ಹಳೆಯ ತಾಡಪಾಲು ಹೊದಿಸಿ. ಹಾಸುವಾಗ ಬಿಗಿ ಎಳೆಯದೆ ತುಸು ಸಡಿಲ ಬಿಡಿ.

ತಾರಸಿಯ ಟ್ಯಾಂಕು

ಸಿಂಟೆಕ್ಸ್ ಎಂದೇ ಎಲ್ಲರೂ ಕರೆಯುವ ಈ ಟ್ಯಾಂಕುಗಳು ಬಹುತೇಕ ಎಲ್‌ಎಲ್‌ಡಿಪಿಇ ಪುಡಿಯನ್ನು ತಿರುಗುವ ಅಚ್ಚಿನಲ್ಲಿ ಕಾಯಿಸಿ ಮಾಡಿದವು. ಐಎಸ್ 12701 ಗುರುತು ನೋಡಿ. ಮೂರು ಪದರ, ನಾಲ್ಕು ಪದರ ಎಂಬ ಎಣಿಕೆಗೆ ಮರುಳಾಗಬೇಡಿ, ಒಂದೇ ಅಳತೆಯ ಎರಡು ಟ್ಯಾಂಕುಗಳ ತೂಕ ಕೇಳಿ. ಒಳಗೆ ಮೊಬೈಲ್ ಟಾರ್ಚ್ ಉರಿಸಿ ಮುಚ್ಚಳ ಹಾಕಿ, ಹೊರಗೆ ಬೆಳಕು ಕಂಡರೆ ಪಾಚಿ ಬೆಳೆಯುತ್ತದೆ. ಕೂರಿಸುವ ಕಟ್ಟೆ ಸಮತಟ್ಟಾಗಿರಬೇಕು, ಇಡೀ ತಳಕ್ಕೆ ಆಸರೆ ಸಿಗಬೇಕು. ಪಾಲಿಮರ್ ಸತತ ಭಾರಕ್ಕೆ ವರ್ಷಗಟ್ಟಲೆ ನಿಧಾನವಾಗಿ ಜಗ್ಗುತ್ತಲೇ ಇರುತ್ತದೆ, ಎರಡು ಕಲ್ಲಿನ ಮೇಲೆ ಕೂರಿಸಿದ ಟ್ಯಾಂಕು ನಡುವೆ ಜೋತು ಒಂದು ದಿನ ಬಿರಿಯುತ್ತದೆ. ಕೀಟನಾಶಕ ಬಂದ ನೀಲಿ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಇಡಬೇಡಿ. ಪಾಲಿಎಥಿಲೀನ್‌ನ ಸಡಿಲ ಭಾಗಗಳು ಆ ವಿಷವನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತವೆ.

ಮಾಲು ಪರೀಕ್ಷಿಸುವುದು

ಪೈಪಿನ ಚೂರನ್ನು ನೀರಿಗೆ ಹಾಕಿ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪಿವಿಸಿ, ಸಿಪಿವಿಸಿ ಮುಳುಗುತ್ತವೆ. ಪಿವಿಸಿಗೆ ಅಗ್ಗದ ಸುಣ್ಣಕಲ್ಲಿನ ಪುಡಿ ಹೆಚ್ಚು ಬೆರೆಸಿದ್ದಾರೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಚೂರು ತೂಗಿ, ಅಳತೆಯ ಜಾಡಿಯಲ್ಲಿ ಮುಳುಗಿಸಿ ನೀರು ಎಷ್ಟು ಏರಿತು ನೋಡಿ, ತೂಕವನ್ನು ಅದರಿಂದ ಭಾಗಿಸಿ. ಒಂದು ಮಿಲಿಲೀಟರಿಗೆ 1.4 ಗ್ರಾಂನ ಆಸುಪಾಸು ಬರಬೇಕು. 1.6, 1.7 ಬಂದರೆ ಪುಡಿ ಅತಿಯಾಗಿದೆ, ಪೈಪು ಪೆಡಸಾಗಿ ಒಡೆಯುತ್ತದೆ, ಹಿಂದಿರುಗಿಸಿ. ಊರಿನ ನೀರಿನ ಯೋಜನೆಯಂಥ ದೊಡ್ಡ ಖರೀದಿಯಾದರೆ ಮಾದರಿಯನ್ನು ಮೈಸೂರಿನ ಸಿಪೆಟ್‌ನಂಥ (ಪ್ಲಾಸ್ಟಿಕ್ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಸ್ಥೆ) ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬಂದ ಮೇಲೆ ಹಣ ಕೊಡಿ.